ಒಂದು ಡಾಲರಿಗೆ ಒಂದು ರೂಪಾಯಿ ಇತ್ತಾ? ಮಗಳ ಓದಿಗೆ ಸಾಲ ಮಾಡುವ ಮುಂಚೆ

ಪ್ರಶ್ನೆ: ನಾನು ಶಿವಮೊಗ್ಗದವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮಗಳಿಗೆ ಅಮೆರಿಕದಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿದೆ. ಎರಡು ವರ್ಷಕ್ಕೆ ಫೀಸು, ಊಟ, ಬಾಡಿಗೆ ಎಲ್ಲ ಸೇರಿ ಸುಮಾರು 60,000 ಡಾಲರ್ ಬೇಕು. ನಮ್ಮ ಕೈಯಲ್ಲಿರುವುದು 15 ಲಕ್ಷ, ಜೊತೆಗೊಂದು ಸೈಟು. ಮೈದುನ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದ್ದಾನೆ. 1917ರಲ್ಲಿ ಒಂದು ರೂಪಾಯಿಗೆ 13 ಡಾಲರ್ ಸಿಗುತ್ತಿತ್ತಂತೆ. 1947ರಲ್ಲಿ ಒಂದಕ್ಕೆ ಒಂದು ಇತ್ತಂತೆ, ಯಾಕೆಂದರೆ ಆಗ ದೇಶಕ್ಕೆ ಸಾಲವೇ ಇರಲಿಲ್ಲವಂತೆ. ಇನ್ನು ಡಾಲರ್ 120 ಆಗುತ್ತದೆ, ಈಗಲೇ ಸೈಟು ಮಾರಿ ಎಲ್ಲವನ್ನೂ ಡಾಲರ್ ಮಾಡಿಕೊಳ್ಳಿ ಎನ್ನುತ್ತಾನೆ. ಟೆಕ್ಸಾಸಿನಲ್ಲಿರುವ ನನ್ನ ಅಣ್ಣನ ಮಗ, ಅಲ್ಲೇ ಡಾಲರಿನಲ್ಲಿ ಸಾಲ ತೆಗೆದುಕೊಳ್ಳಿ ಎನ್ನುತ್ತಾನೆ. ಇಲ್ಲಿನ ಬ್ಯಾಂಕಿನವರು ರೂಪಾಯಿ ಸಾಲ ಕೊಡಲು ತಯಾರಿದ್ದಾರೆ. ರೂಪಾಯಿ ಯಾಕೆ ಹೀಗೆ ಬೀಳುತ್ತಿದೆ? ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ರೂಪಾಯಿ ಹೀಗೇ ಇಳಿದರೆ ದೇಶದ ಗತಿ ಏನು ಅನ್ನುವುದು. ಇನ್ನೊಂದು, ಮಗಳ ಸಾಲ ನಮ್ಮನ್ನು ಮುಳುಗಿಸುತ್ತದಾ ಅನ್ನುವುದು. ನಾನು ಬ್ಯಾಂಕಿನ ಫಾರೆಕ್ಸ್ (ವಿದೇಶಿ ಹಣ ವಿನಿಮಯ) ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಮೊದಲನೇ ಭಯಕ್ಕೆ ಬಿದ್ದು ಎರಡನೆಯದರ ತೀರ್ಮಾನ ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಟಿವಿಯಲ್ಲಿ 'ರೂಪಾಯಿ ಪಾತಾಳಕ್ಕೆ' ಅಂತ ಬಂದ ಮರುದಿನವೇ ನಮ್ಮ ಕೌಂಟರಿನಲ್ಲಿ ರಶ್ ಇರುತ್ತಿತ್ತು.

ಮೊದಲು ಮೆಸೇಜ್ ವಿಚಾರ ಮುಗಿಸೋಣ. ಅದರಲ್ಲಿರುವ ಎರಡು ಲೆಕ್ಕವೂ ಸುಳ್ಳು.

1917ರ ರೂಪಾಯಿ ಬೆಳ್ಳಿಯ ನಾಣ್ಯ. ಅದರ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅಮೆರಿಕದ ಬೆಳ್ಳಿ ಡಾಲರಿನ ತೂಕ 26.73 ಗ್ರಾಂ. ಒಂದು ತೊಲದ ನಾಣ್ಯ ಕೊಟ್ಟರೆ ಅಂಥ 13 ಡಾಲರ್ ಸಿಗುವಂತಿದ್ದರೆ ನಮ್ಮ ವ್ಯಾಪಾರಿಗಳೆಲ್ಲ ಅಂದೇ ಹಡಗು ಹತ್ತುತ್ತಿದ್ದರು, ಅಲ್ವಾ? ಆಗ ಒಂದು ಡಾಲರಿಗೆ ಮೂರು ರೂಪಾಯಿ ಆಸುಪಾಸು ಇತ್ತು.

1947ರದ್ದಂತೂ ನೀವೇ ಲೆಕ್ಕ ಹಾಕಬಹುದು. ಆಗ ರೂಪಾಯಿಗೂ ಡಾಲರಿಗೂ ನೇರ ಸಂಬಂಧ ಇರಲಿಲ್ಲ. ರೂಪಾಯಿಯನ್ನು ಬ್ರಿಟಿಷ್ ಪೌಂಡಿಗೆ ಕಟ್ಟಿದ್ದರು. 1927ರ ಕಾನೂನಿನ ಪ್ರಕಾರ ಒಂದು ರೂಪಾಯಿ ಅಂದರೆ 1 ಶಿಲಿಂಗ್ 6 ಪೆನ್ಸ್. ಆಗ ಪೌಂಡಿಗೆ 240 ಪೆನ್ಸ್, ಹಾಗಾಗಿ ಒಂದು ಪೌಂಡಿಗೆ 13.33 ರೂಪಾಯಿ. 1947ರಲ್ಲಿ ಪೌಂಡಿನ ಬೆಲೆ 4.03 ಡಾಲರ್. ಭಾಗಿಸಿ ನೋಡಿ, ಒಂದು ಡಾಲರಿಗೆ 3 ರೂಪಾಯಿ 31 ಪೈಸೆ ಬರುತ್ತದೆ. (ಆಗ ಪೈಸೆ ಈಗಿನಂತಿರಲಿಲ್ಲ, ಆಣೆ ಲೆಕ್ಕ ಇತ್ತು. ಅದು ಬಿಡಿ.) ಮೆಸೇಜಿನ 13 ಅನ್ನುವ ಸಂಖ್ಯೆ ಈ ಪೌಂಡಿನ ಲೆಕ್ಕವನ್ನೇ ತಿರುಗಿಸಿ ಹುಟ್ಟಿಕೊಂಡಿದ್ದಿರಬಹುದು ಅಂತ ನನ್ನ ಗುಮಾನಿ.

'ಸಾಲ ಇರಲಿಲ್ಲ' ಅನ್ನುವ ಮಾತಿನಲ್ಲಿ ಮಾತ್ರ ಸ್ವಲ್ಪ ನಿಜ ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ನಮ್ಮಿಂದ ಸಾಮಾನು, ಸೈನಿಕರು ಎಲ್ಲ ತೆಗೆದುಕೊಂಡು ದುಡ್ಡನ್ನು ಲಂಡನ್ನಿನ ಖಾತೆಯಲ್ಲಿ ಬರೆದಿಟ್ಟಿತ್ತು. ಸ್ವಾತಂತ್ರ್ಯ ಬಂದಾಗ ಅದು ನಮಗೆ ನೂರು ಕೋಟಿ ಪೌಂಡಿಗೂ ಜಾಸ್ತಿ ಕೊಡಬೇಕಿತ್ತು. ಆದರೆ ಆ ಹಣ ನಮಗೆ ಬೇಕಾದಾಗ ಸಿಗುವಂತಿರಲಿಲ್ಲ. 1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಕೂತು ಯುದ್ಧದ ನಂತರದ ಹಣಕಾಸು ವ್ಯವಸ್ಥೆ ಹೇಗಿರಬೇಕು ಅಂತ ಚರ್ಚಿಸಿದವಲ್ಲ, ಅಲ್ಲಿ ಭಾರತದ ಪ್ರತಿನಿಧಿಗಳಾಗಿದ್ದ ಆರ್.ಕೆ. ಷಣ್ಮುಖಂ ಚೆಟ್ಟಿ, ಸಿ.ಡಿ. ದೇಶಮುಖ್ ಈ ಬಾಕಿಯ ಮಾತೆತ್ತಿದರು. ಬ್ರಿಟನ್ ಒಪ್ಪಲಿಲ್ಲ. ಮುಂದೆ ಅದು ಕಂತುಕಂತಾಗಿ ಬಂತು. ಸಾಲ ಇಲ್ಲ ಅಂದ ಮಾತ್ರಕ್ಕೆ ನಾಣ್ಯದ ದರ ಒಂದಕ್ಕೆ ಒಂದು ಆಗುವುದಿಲ್ಲ. ಅವೆರಡಕ್ಕೂ ಅಂಥ ನಂಟಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. 3.31 ಇದ್ದದ್ದು 2025ರ ಡಿಸೆಂಬರ್‌ನಲ್ಲಿ 90 ದಾಟಿದ್ದು ಹೇಗೆ?

ಬ್ರೆಟನ್ ವುಡ್ಸ್‌ನಲ್ಲಿ ಒಂದು ಕಟ್ಟುಪಾಡು ಆಯಿತು. ಅಮೆರಿಕ ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಅಂತ ನಿಲ್ಲುತ್ತದೆ. ಉಳಿದ ದೇಶಗಳು ತಮ್ಮ ನಾಣ್ಯದ ದರವನ್ನು ಡಾಲರಿಗೆ ಅಥವಾ ಚಿನ್ನಕ್ಕೆ ಕಟ್ಟಿಕೊಳ್ಳುತ್ತವೆ. ಅಂದರೆ ದರ ನಿಗದಿ ಮಾಡುವುದು ಸರ್ಕಾರ, ಮಾರುಕಟ್ಟೆ ಅಲ್ಲ. ಹೊರದೇಶಕ್ಕೆ ಹಣ ಸಾಗಿಸುವುದಕ್ಕೂ ಬಹಳ ಕಡೆ ಕಡಿವಾಣ ಇತ್ತು. ದರ ವರ್ಷಗಟ್ಟಲೆ ಕದಲುತ್ತಿರಲಿಲ್ಲ. ಕದಲಿದರೆ ಒಂದೇ ರಾತ್ರಿಯಲ್ಲಿ ಧೊಪ್ಪನೆ ಬೀಳುತ್ತಿತ್ತು.

ಮೊದಲ ಸಲ ಬಿದ್ದಿದ್ದು 1949ರ ಸೆಪ್ಟೆಂಬರ್‌ನಲ್ಲಿ. ಬ್ರಿಟನ್ ತನ್ನ ಪೌಂಡನ್ನು 2.80 ಡಾಲರಿಗೆ ಇಳಿಸಿತು. ಪೌಂಡಿಗೆ ಕಟ್ಟಿಕೊಂಡಿದ್ದ ನಾವೂ ಇಳಿದೆವು. ಡಾಲರ್ 4.76 ಆಯಿತು. ಆಮೇಲೆ 17 ವರ್ಷ ಅದೇ ದರ. ನಿಮ್ಮ ಮನೆಯ ಹಿರಿಯರಿಗೆ 'ನಮ್ಮ ಕಾಲದಲ್ಲಿ ಡಾಲರ್ ಅಲುಗಾಡುತ್ತಲೇ ಇರಲಿಲ್ಲ' ಅನ್ನುವ ನೆನಪಿದ್ದರೆ ಅದು ಈ ಕಾಲದ್ದು.

ದರ ಅಲುಗಲಿಲ್ಲ, ಆದರೆ ಡಾಲರ್ ಎಲ್ಲಿತ್ತು? ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ಉಕ್ಕಿನ ಕಾರ್ಖಾನೆಗಳಿಗೆ ಯಂತ್ರ ತರಿಸುತ್ತಿದ್ದ ಹಾಗೆ ಲಂಡನ್ನಿನ ಬಾಕಿಯೂ ಕರಗಿತು. 1962ರಲ್ಲಿ ಯುದ್ಧ, 1965ರಲ್ಲಿ ಇನ್ನೊಂದು. ಮೇಲೆ ಎರಡು ವರ್ಷ ಸತತ ಬರಗಾಲ. ಅಮೆರಿಕದ ಪಿ.ಎಲ್. 480 ಆಹಾರ ನೆರವು ಯೋಜನೆಯ ಗೋಧಿ ಹಡಗಿನಲ್ಲಿ ಬರದಿದ್ದರೆ ರೇಷನ್ ಇಲ್ಲ ಅನ್ನುವ ಸ್ಥಿತಿ. ಇಲ್ಲಿ ಬೆಲೆ ಏರುತ್ತಾ ಹೋಯಿತು, ಡಾಲರ್ ದರ ಮಾತ್ರ ಕಾಗದದ ಮೇಲೆ 4.76ರಲ್ಲೇ ಇತ್ತು. ಕೊನೆಗೆ 1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ಅದನ್ನು 7.50ಕ್ಕೆ ಏರಿಸಿತು. ದೇಶದ ಮಾನ ಹೋಯಿತು ಅಂತ ದೊಡ್ಡ ಗಲಾಟೆ ಆಯಿತು. ಸ್ವಂತ ಪಕ್ಷದಲ್ಲೇ ವಿರೋಧ ಬಂತು. ಅಂದಿನಿಂದ ಇಂದಿನವರೆಗೆ ನಾವು ಡಾಲರ್ ದರವನ್ನು ಮಾನ-ಮರ್ಯಾದೆಯ ವಿಷಯ ಮಾಡಿಕೊಂಡೇ ಬಂದಿದ್ದೇವೆ.

ಇಲ್ಲೊಂದು ಸಣ್ಣ ಸಂಗತಿ, ಕರಾವಳಿಯವರಿಗೆ ಇಷ್ಟವಾದೀತು. ಆ ಕಾಲದಲ್ಲಿ ದುಬೈ, ಕತಾರ್‌ಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. 1959ರಿಂದ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗಾಗಿಯೇ ಬೇರೆ ನೋಟು ಅಚ್ಚು ಹಾಕುತ್ತಿತ್ತು. 1966ರಲ್ಲಿ ರೂಪಾಯಿ ಇಳಿದಾಗ ಅವರ ಜೇಬಿನ ದುಡ್ಡೂ ರಾತ್ರೋರಾತ್ರಿ ಇಳಿಯಿತು. ಅವರು ರೂಪಾಯಿ ಬಿಟ್ಟು ತಮ್ಮದೇ ನಾಣ್ಯ ಮಾಡಿಕೊಂಡರು. ಮುಂದೆ ಮಂಗಳೂರು, ಉಡುಪಿ, ಭಟ್ಕಳದಿಂದ ಹೋದವರು ಅಲ್ಲಿ ದಿರ್ಹಮ್, ರಿಯಾಲ್ ದುಡಿದು ಊರಿಗೆ ಕಳಿಸಿದರು.

1971ರ ಆಗಸ್ಟ್ 15ರಂದು ಆಟದ ನಿಯಮವೇ ಬದಲಾಯಿತು. ವಿಯೆಟ್ನಾಂ ಯುದ್ಧದ ಖರ್ಚು, ಹೊರಗೆ ಸೇರಿದ ರಾಶಿ ಡಾಲರ್, ಒಳಗೆ ಕಡಿಮೆಯಾಗುತ್ತಿದ್ದ ಚಿನ್ನ. ಅಧ್ಯಕ್ಷ ನಿಕ್ಸನ್ 'ಇನ್ನು ಡಾಲರಿಗೆ ಬದಲಾಗಿ ಚಿನ್ನ ಕೊಡುವುದಿಲ್ಲ' ಎಂದುಬಿಟ್ಟರು. 1973ರ ಹೊತ್ತಿಗೆ ದೊಡ್ಡ ದೇಶಗಳ ನಾಣ್ಯಗಳೆಲ್ಲ ಕಟ್ಟು ಬಿಚ್ಚಿಕೊಂಡು ತೇಲತೊಡಗಿದವು. ಅದೇ ವರ್ಷ ಅರಬ್ ದೇಶಗಳು ತೈಲ ನಿಲ್ಲಿಸಿದವು. ಬ್ಯಾರೆಲ್‌ಗೆ 3 ಡಾಲರ್ ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ತೈಲ ಹೊರಗಿನಿಂದ ತರುವ ನಮ್ಮಂಥವರಿಗೆ ಅದು ದೊಡ್ಡ ಪೆಟ್ಟು. ನಾವು 1975ರಲ್ಲಿ ಪೌಂಡಿನ ಕೈ ಬಿಟ್ಟು, ನಾಲ್ಕಾರು ನಾಣ್ಯಗಳ ಗುಂಪಿಗೆ ರೂಪಾಯಿಯನ್ನು ಕಟ್ಟಿಕೊಂಡೆವು.

ಆದರೂ ಹಗ್ಗ ಸರ್ಕಾರದ ಕೈಯಲ್ಲೇ ಇತ್ತು. ಅದು ಕೈಜಾರಿದ್ದು 1991ರಲ್ಲಿ. ಕೊಲ್ಲಿ ಯುದ್ಧದಿಂದ ತೈಲ ದುಬಾರಿ, ಹೊರಗಿನ ಸಾಲಕ್ಕೆ ಕಂತು ಕಟ್ಟಬೇಕು, ಇದ್ದ ಡಾಲರ್ ಎರಡು-ಮೂರು ವಾರದ ಆಮದಿಗಷ್ಟೇ ಸಾಲುತ್ತಿತ್ತು. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿ ಅಡವಿಟ್ಟರು. ಜುಲೈ ಮೊದಲ ವಾರ ಎರಡು ಕಂತಿನಲ್ಲಿ ರೂಪಾಯಿ ಇಳಿಸಿದರು. 21ರ ಆಸುಪಾಸು ಇದ್ದ ಡಾಲರ್ 26ರ ಹತ್ತಿರ ಬಂತು. 1993ರ ಮಾರ್ಚ್‌ನಿಂದ ದರವನ್ನು ಮಾರುಕಟ್ಟೆಗೆ ಬಿಟ್ಟರು. ಆಗ 31 ಇತ್ತು.

ಈಗ ರಿಸರ್ವ್ ಬ್ಯಾಂಕ್ ದರ ಹೇಳುವುದಿಲ್ಲ. ಜಾಸ್ತಿ ಜಿಗಿದಾಗ ಡಾಲರ್ ಮಾರಿ ಹಿಡಿಯುತ್ತದೆ, ಅಷ್ಟೆ. 2022ರ ಒಂದು ಅಂದಾಜಿನಂತೆ ಜಗತ್ತಿನಲ್ಲಿ ದಿನಕ್ಕೆ 7.5 ಲಕ್ಷ ಕೋಟಿ ಡಾಲರಿನಷ್ಟು ನಾಣ್ಯ ವ್ಯಾಪಾರ ನಡೆಯುತ್ತಿತ್ತು. ನಮ್ಮ ರಿಸರ್ವ್ ಬ್ಯಾಂಕಿನ ಸಂಗ್ರಹ 2025ರ ಕೊನೆಗೆ 68,000 ಕೋಟಿ ಡಾಲರಿಗೂ ಜಾಸ್ತಿ ಇತ್ತು. 1991ರ ಮುಂದೆ ಇಟ್ಟರೆ ಅದು ಬೆಟ್ಟ. ಆದರೂ ಇವತ್ತು ಯಾವ ದೇಶದ ಬ್ಯಾಂಕೂ ಈ ಮಾರುಕಟ್ಟೆಯನ್ನು ಎದುರು ಹಾಕಿಕೊಂಡು ಬಹಳ ದಿನ ನಿಲ್ಲಲಾರದು.

ಹಾಗಾದರೆ ರೂಪಾಯಿ ಇಳಿಯುತ್ತಲೇ ಇರುವುದಕ್ಕೆ ಕಾರಣ? ದೊಡ್ಡ ಕಾರಣ ಬಹಳ ಸಾದಾ. ನಮ್ಮಲ್ಲಿ ಬೆಲೆಗಳು ಅಮೆರಿಕಕ್ಕಿಂತ ಬೇಗ ಏರುತ್ತವೆ. ಇಲ್ಲಿ ವರ್ಷಕ್ಕೆ ಶೇ 6 ಏರಿ ಅಲ್ಲಿ ಶೇ 3 ಏರಿದರೆ, ರೂಪಾಯಿಯ ಕೊಳ್ಳುವ ಶಕ್ತಿ ಡಾಲರಿಗಿಂತ ಶೇ 3 ಜಾಸ್ತಿ ಸವೆಯಿತು ಅಂತ ಅರ್ಥ. ಒಂದಲ್ಲ ಒಂದು ದಿನ ಅದು ದರದಲ್ಲಿ ಕಾಣಲೇಬೇಕು. ನೀವೇ ಲೆಕ್ಕ ಹಾಕಿ: 1993ರ 31ರಿಂದ 2025ರ 90ಕ್ಕೆ ಬರಲು ಡಾಲರ್ ವರ್ಷಕ್ಕೆ ಸರಾಸರಿ ಶೇ 3.3ರಷ್ಟು ಏರಿದರೆ ಸಾಕು. ಪೂರ್ತಿ 1947ರಿಂದ ಹಿಡಿದರೆ ಶೇ 4.3. 'ಮೂರು ಇದ್ದದ್ದು ತೊಂಬತ್ತು' ಅಂದರೆ ಎದೆ ಧಸಕ್ ಅನ್ನುತ್ತದೆ. ಚಕ್ರಬಡ್ಡಿಯ ಲೆಕ್ಕ ಹೇಳಿಕೊಡುವ ನಿಮಗೆ ಇದು ಹೊಸದಲ್ಲ.

ಇದರ ಮೇಲೆ ತೈಲ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಜಾಸ್ತಿ ಹೊರಗಿನದು. ಅಡುಗೆ ಎಣ್ಣೆಯೂ ಅರ್ಧಕ್ಕಿಂತ ಜಾಸ್ತಿ ಹೊರಗಿನದೇ. ಚಿನ್ನವಂತೂ ಕೇಳಲೇಬೇಡಿ. ಇದಕ್ಕೆಲ್ಲ ಡಾಲರ್ ಬೇಕು. ಜೊತೆಗೆ ವಿದೇಶಿ ಹೂಡಿಕೆದಾರರು ಷೇರು ಮಾರಿ ಹೊರಟಾಗ ಒಂದೇ ಸಲ ಒತ್ತಡ ಬೀಳುತ್ತದೆ. 2013ರ ಆಗಸ್ಟ್‌ನಲ್ಲಿ ಡಾಲರ್ 68.8ರವರೆಗೆ ಹೋಗಿದ್ದು ಹಾಗೆ.

ರೂಪಾಯಿ ಇಳಿಯುವುದೊಂದೇ ಅಲ್ಲ, ಏರಿದ್ದೂ ಇದೆ. 2002ರಲ್ಲಿ 48 ಇದ್ದ ಡಾಲರ್ 2007ರ ಕೊನೆಗೆ 40ಕ್ಕಿಂತ ಕೆಳಗೆ ಬಂತು. ಆಗ ಅತ್ತವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು, ಗಾರ್ಮೆಂಟ್ಸ್‌ನವರು. ಡಾಲರಿನಲ್ಲಿ ದುಡಿದು ರೂಪಾಯಿಯಲ್ಲಿ ಸಂಬಳ ಕೊಡುವವರಿಗೆ ಡಾಲರ್ ಇಳಿದರೆ ನಷ್ಟ. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರಿಗೂ ಅಷ್ಟೇ, ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ. ಮೈದುನನಿಗೆ ಇನ್ನೊಂದು ಹೇಳಿ: ಒಂದು ಡಾಲರಿಗೆ ಜಪಾನಿನ ಯೆನ್ ನೂರಕ್ಕೂ ಜಾಸ್ತಿ ಬರುತ್ತದೆ, ದಕ್ಷಿಣ ಕೊರಿಯಾದ ವಾನ್ ಸಾವಿರಕ್ಕೂ ಜಾಸ್ತಿ ಬರುತ್ತದೆ. ಅವರೇನು ನಮಗಿಂತ ಬಡವರಾ? ಡಾಲರ್ ದರ ದೇಶದ ಮಾರ್ಕ್ಸ್ ಕಾರ್ಡ್ ಅಲ್ಲ. 1947ರಿಂದ ಬೇರೆ ಬೇರೆ ಪಕ್ಷದ ಸರ್ಕಾರಗಳ ಕಾಲದಲ್ಲಿ ರೂಪಾಯಿ ಇಳಿದಿದೆ. ಯಾರನ್ನಾದರೂ ಬೈಯುವುದಿದ್ದರೆ ಬೆಲೆ ಏರಿಕೆ ತಡೆಯಲಿಲ್ಲ ಅಂತ ಬೈಯಲಿ, ನ್ಯಾಯ ಇದೆ.

ಇನ್ನು ನಿಮ್ಮ ಮನೆಯ ವಿಚಾರ.

1970ರ ದಶಕದಲ್ಲಿ ವಿದೇಶಕ್ಕೆ ಹೊರಟವರ ಕೈಗೆ ಸರ್ಕಾರ 8 ಡಾಲರ್ ಕೊಡುತ್ತಿದ್ದ ಕಾಲ ಇತ್ತು. ಇವತ್ತು ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಆಗ ಡಾಲರ್ ಸಿಗುವುದೇ ಕಷ್ಟ. ಈಗ ಸಿಗುತ್ತದೆ, ಎಷ್ಟಕ್ಕೆ ಅನ್ನುವುದೇ ಚಿಂತೆ. ಆ ಚಿಂತೆ ಎಷ್ಟು ದೊಡ್ಡದು ಅಂತ ಅಳೆಯೋಣ. ಡಾಲರಿಗೆ 90 ಅಂತ ಹಿಡಿದರೆ 60,000 ಡಾಲರ್ ಅಂದರೆ 54 ಲಕ್ಷ. ಅರ್ಧ ಮೊದಲ ವರ್ಷಕ್ಕೆ, ಅರ್ಧ ಎರಡನೇ ವರ್ಷಕ್ಕೆ. ಎರಡನೇ ವರ್ಷದ ಹೊತ್ತಿಗೆ ಡಾಲರ್ ಶೇ 4 ಏರಿದರೆ ಸುಮಾರು 1.1 ಲಕ್ಷ ಜಾಸ್ತಿ ಬೀಳುತ್ತದೆ. ಕೆಟ್ಟ ವರ್ಷ, ಶೇ 10 ಏರಿತು ಅಂದುಕೊಳ್ಳಿ, 2.7 ಲಕ್ಷ ಜಾಸ್ತಿ. ಸಣ್ಣ ಮೊತ್ತ ಅಲ್ಲ, ಒಪ್ಪುತ್ತೇನೆ. ಆದರೆ ಇದಕ್ಕಾಗಿ ಅವಸರದಲ್ಲಿ ಸೈಟು ಮಾರಿದರೆ ಬೆಲೆಯಲ್ಲಿ ಇದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ. ಲಾಭದ ಮೇಲೆ ತೆರಿಗೆ ಬೇರೆ. ಸೈಟನ್ನು ಮಾರುವುದಕ್ಕಿಂತ ಬ್ಯಾಂಕಿಗೆ ಆಧಾರವಾಗಿ ಕೊಡುವುದು ಮೇಲು. ಅದರ ಅಪಾಯವನ್ನೂ ಹೇಳುತ್ತೇನೆ: ಕಂತು ತಪ್ಪಿದರೆ ಸೈಟು ಹೋಗುತ್ತದೆ.

ಡಾಲರ್ ಸಾಲವೋ ರೂಪಾಯಿ ಸಾಲವೋ? ನಾನು ಕೇಳುವುದು ಒಂದೇ: ಸಾಲ ತೀರಿಸುವಾಗ ಮಗಳು ಯಾವ ನಾಣ್ಯದಲ್ಲಿ ದುಡಿಯುತ್ತಿರುತ್ತಾಳೆ? ಅಲ್ಲೇ ಕೆಲಸ ಸಿಕ್ಕಿತು ಅನ್ನಿ. ಶೇ 10ರ ರೂಪಾಯಿ ಸಾಲ ಅವಳ ಡಾಲರ್ ಲೆಕ್ಕದಲ್ಲಿ ಶೇ 7ರ ಹಾಗೆ ಬೀಳುತ್ತದೆ, ಯಾಕೆಂದರೆ ಅವಳು ದುಡಿಯುವ ಡಾಲರ್ ವರ್ಷಕ್ಕೆ ಸುಮಾರು ಶೇ 3 ಗಟ್ಟಿಯಾಗುತ್ತಾ ಹೋಗುತ್ತದೆ. ಈಗ ಉಲ್ಟಾ ನೋಡಿ. ವೀಸಾ ಸಿಗದೆ ಊರಿಗೆ ಬಂದಳು, ತಲೆಯ ಮೇಲೆ ಶೇ 11ರ ಡಾಲರ್ ಸಾಲ ಇದೆ. ಬೆಂಗಳೂರಿನ ರೂಪಾಯಿ ಸಂಬಳದಲ್ಲಿ ತೀರಿಸುವಾಗ ಅದು ಶೇ 14ರ ಸಾಲದ ಹಾಗೆ ಹಿಂಡುತ್ತದೆ. ಅಲ್ಲಿನ ವೀಸಾ ನಿಯಮ ಬಿಗಿಯಾಗುತ್ತಿರುವ ಈ ದಿನಗಳಲ್ಲಿ ವಾಪಸ್ ಬರುವ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ಹಾಗಾಗಿ ಡಾಲರ್ ಸಾಲದ ಬಡ್ಡಿ ರೂಪಾಯಿ ಸಾಲಕ್ಕಿಂತ ಕನಿಷ್ಠ ಶೇ 3 ಕಡಿಮೆ ಇಲ್ಲದಿದ್ದರೆ ಅದರ ಗೊಡವೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಅಣ್ಣನ ಮಗನ ಮಾತಿನಲ್ಲೂ ಹುರುಳಿದೆ. ಅಮೆರಿಕದ ಕೆಲವು ಸಾಲಗಳಿಗೆ ಇಲ್ಲಿನ ಜಾಮೀನು ಬೇಡ. ಹೊರೆ ಮಗಳ ಹೆಸರಿನ ಮೇಲಷ್ಟೇ ಇರುತ್ತದೆ, ನಿಮ್ಮ ಸೈಟು ಉಳಿಯುತ್ತದೆ. ಆ ನೆಮ್ಮದಿಗೆ ಜಾಸ್ತಿ ಬಡ್ಡಿ ಕೊಡಲು ತಯಾರಾ ಅಂತ ಮನೆಯಲ್ಲಿ ಮಗಳನ್ನೂ ಕೂರಿಸಿಕೊಂಡು ಮಾತಾಡಿ. ಸಾಲ ತೀರಿಸುವವಳು ಅವಳೇ ಅಲ್ವಾ.

ಡಾಲರ್ ಈಗಲೇ ಕೊಂಡಿಟ್ಟರೆ? ಪೂರ್ತಿ ಬೇಡ. ಕೈಯಲ್ಲಿರುವ 15 ಲಕ್ಷದಲ್ಲಿ ಮೊದಲ ಸೆಮಿಸ್ಟರ್ ಫೀಸನ್ನು ನೇರ ಯೂನಿವರ್ಸಿಟಿಗೆ ಕಳಿಸಿ. ಅಷ್ಟಕ್ಕೆ ಇವತ್ತಿನ ದರ ಗಟ್ಟಿಯಾಯಿತು. ಮಗಳು ಅಲ್ಲಿ ಖಾತೆ ತೆರೆದ ಮೇಲೆ ಖರ್ಚಿನ ಹಣವನ್ನು ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕಳಿಸಿ. ಸ್ವಂತ ಹಣ ವರ್ಷಕ್ಕೆ 10 ಲಕ್ಷ ಮೀರಿದರೆ ಬ್ಯಾಂಕ್ ಟಿಸಿಎಸ್ (ಹಣ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ಬ್ಯಾಂಕ್ ಸಾಲದ ಹಣಕ್ಕೆ ಹಿಡಿಯುವುದಿಲ್ಲ. ಹಿಡಿದದ್ದನ್ನು ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಈ ನಿಯಮ ಆಗಾಗ ಬದಲಾಗುತ್ತದೆ, ಕಳಿಸುವ ದಿನ ಒಮ್ಮೆ ವಿಚಾರಿಸಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪೇಪರಿನಲ್ಲಿ ಬರುವ ಡಾಲರ್ ದರ ಬ್ಯಾಂಕ್-ಬ್ಯಾಂಕ್ ನಡುವಿನದು. ನಿಮಗೆ ಮಾರುವಾಗ ಬ್ಯಾಂಕು ಅದರ ಮೇಲೆ ತನ್ನ ಮಾರ್ಜಿನ್ ಇಡುತ್ತದೆ. ಒಂದು ಕಡೆ 40 ಪೈಸೆ, ಇನ್ನೊಂದು ಕಡೆ ಒಂದೂವರೆ ರೂಪಾಯಿ ಇದ್ದರೂ ಆಶ್ಚರ್ಯ ಇಲ್ಲ. 60,000 ಡಾಲರಿನ ಮೇಲೆ ಒಂದು ರೂಪಾಯಿ ವ್ಯತ್ಯಾಸ ಅಂದರೆ 60,000 ರೂಪಾಯಿ. ನಾಳೆ ಡಾಲರ್ ಏರುತ್ತದಾ ಇಳಿಯುತ್ತದಾ ಅಂತ ಟಿವಿ ನೋಡುವ ಹೊತ್ತಿನಲ್ಲಿ ಎರಡು-ಮೂರು ಬ್ಯಾಂಕಿಗೆ ಫೋನ್ ಮಾಡಿ 'ಇವತ್ತಿನ ಟಿಟಿ ಸೆಲ್ಲಿಂಗ್ ರೇಟ್ ಎಷ್ಟು' ಅಂತ ಕೇಳಿ (ಹೊರದೇಶಕ್ಕೆ ಹಣ ಕಳಿಸುವವರಿಗೆ ಬ್ಯಾಂಕ್ ಡಾಲರ್ ಮಾರುವ ದರ ಅದು). ಸುಮ್ನೆ ಕೇಳುವುದಲ್ಲ, ಚೌಕಾಸಿ ಮಾಡಿ. ಮ್ಯಾನೇಜರ್ ಹಂತದಲ್ಲಿ ಇಳಿಸುತ್ತಾರೆ.

ಸಾಲದ ಅರ್ಜಿ ಹಾಕುವಾಗ 54 ಲಕ್ಷಕ್ಕೇ ಲೆಕ್ಕ ಮುಗಿಸಬೇಡಿ. ಸಾಲ ಮಂಜೂರಾಗುವುದು ರೂಪಾಯಿಯಲ್ಲಿ, ಫೀಸು ಡಾಲರಿನಲ್ಲಿ. ಎರಡನೇ ವರ್ಷ ಡಾಲರ್ ಏರಿದರೆ ಮಂಜೂರಾದ ಮೊತ್ತ ಸಾಲದೆ ಬೀಳುತ್ತದೆ, ಆಗ ಹೊಸದಾಗಿ ಅರ್ಜಿ ಹಾಕಿ ಅಲೆಯಬೇಕು. ಒಟ್ಟು ಖರ್ಚನ್ನು ಶೇ 10 ಮೇಲೆ ಹಿಡಿದು ಮಂಜೂರು ಮಾಡಿಸಿಕೊಳ್ಳಿ. ಎತ್ತದ ಹಣಕ್ಕೆ ಬಡ್ಡಿ ಇರುವುದಿಲ್ಲ. ಓದುವ ಎರಡು ವರ್ಷದ ಬಡ್ಡಿಯನ್ನು ನಿಮ್ಮ ಸಂಬಳದಿಂದ ತಿಂಗಳು ತಿಂಗಳು ಕಟ್ಟಲು ಸಾಧ್ಯವಾದರೆ ಕಟ್ಟಿ, ಕೆಲವು ಬ್ಯಾಂಕುಗಳು ಅದಕ್ಕೆ ಬಡ್ಡಿಯಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷದವರೆಗೆ ವಿನಾಯಿತಿ ಸಿಗುತ್ತದೆ. ಮಂಜೂರಾತಿ ಪತ್ರ ಕೈಗೆ ಬಂದಾಗ ಬಡ್ಡಿ ಸ್ಥಿರವಾ, ಬದಲಾಗುವಂಥದ್ದಾ, ಮೊದಲೇ ತೀರಿಸಿದರೆ ದಂಡ ಇದೆಯಾ, ಓದು ಮುಗಿದ ಎಷ್ಟು ತಿಂಗಳಿಗೆ ಕಂತು ಶುರು, ಇವಿಷ್ಟನ್ನು ಸಹಿ ಹಾಕುವ ಮುಂಚೆ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ.